ನಾಲ್ಕನೆಯ ಹಾಡು ಮುಗಿಯುವ ತನಕ

ಪಾರ್ಕ್‌ಲ್ಯಾಂಡ್ಸ್, ನೈರೋಬಿ
17 ಜುಲೈ 2005, ಭಾನುವಾರ

ಪ್ರೀತಿಯ ಮಗಳು ಮೈತ್ರಿಗೆ,

ಎರಡು ಹಲ್ಲು ಕಡಿಮೆಯಾದ ಬಾಯಿಂದ ನಿನ್ನ ಅಪ್ಪ ಪೂರ್ತಿ ಆಶೀರ್ವಾದ ಮಾಡುತ್ತಿದ್ದಾನೆ. ಹೇಗಿದ್ದೀ? ಮಣಿಪಾಲದ ಮಳೆಗೆ ಹಿಡಿದ ಕೆಮ್ಮು ಬಿಟ್ಟಿತೇ? ಹಾಸ್ಟೆಲಿನ ಸಾಂಬಾರಿನಲ್ಲಿ ಈಗಲಾದರೂ ಬೇಳೆ ಕಣ್ಣಿಗೆ ಬೀಳುತ್ತಿದೆಯೇ? ಬಿಸಿನೀರು ಕುಡಿ, ಬಿಸಿಲು ಬಂದರೆ ಬಟ್ಟೆ ಹರವು, ಬರದಿದ್ದರೆ ಬೈದುಕೊಂಡು ಹಸಿಯದನ್ನೇ ತೊಡಬೇಡ. ಇಲ್ಲಿ ಜುಲೈ ಚಳಿ, ಆಕಾಶ ಒಗೆಯದ ಬೆಡ್‌ಶೀಟಿನ ಬಣ್ಣ. ಈ ಪತ್ರವನ್ನು ನಿಧಾನವಾಗಿ ಓದು, ಒತ್ತಕ್ಷರ ಬಂದಲ್ಲಿ ಉಸಿರು ತೆಗೆದುಕೋ. ನೀನು ಇಂಗ್ಲಿಷಿನಲ್ಲೇ ಉತ್ತರಿಸುತ್ತೀ ಎಂದು ಗೊತ್ತು, ಇರಲಿ. ನಾನು ಮಾತ್ರ ಈ ವಿಷಯವನ್ನು ಕನ್ನಡ ಬಿಟ್ಟು ಬೇರೆ ಭಾಷೆಯಲ್ಲಿ ಬರೆಯಲಾರೆ. ಪೊಲೀಸರಿಗೆ ಇಂಗ್ಲಿಷಿನಲ್ಲಿ ಹೇಳಿಕೆ ಬರೆದುಕೊಟ್ಟಿದ್ದೇನೆ. ಓದಿ ನೋಡಿದರೆ ಅದೆಲ್ಲ ಪಕ್ಕದ ಬೀದಿಯ ಯಾರಿಗೋ ಆದಂತೆ ಕಾಣುತ್ತದೆ.

ನಿನ್ನ ಈಮೇಲನ್ನು ಬರ್ನಾರ್ಡ್ ಅಂಕಲ್ ತಮ್ಮ ಆಫೀಸಿನಲ್ಲಿ ಪ್ರಿಂಟ್ ತೆಗೆದು ತಂದುಕೊಟ್ಟರು. ಲೊರೆಟ್ಟಾ ಆಂಟಿ ನಿನಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟಿದ್ದಾರೆಂದು ಆಗಲೇ ತಿಳಿದದ್ದು. ಮಹಡಿಯ ಮೇಲಿನ ಮನೆಯವರು ತುಂಬ ಒಳ್ಳೆಯವರು, ಸಿಹಿಸುದ್ದಿ ಕಹಿಸುದ್ದಿ ಎರಡನ್ನೂ ಒಂದೇ ವೇಗದಲ್ಲಿ ಹಂಚುತ್ತಾರೆ. ನೀನು ಖಡಕ್ಕಾಗಿ ಬರೆದಿದ್ದೀ: ಸೋಮವಾರ ಪೊಲೀಸರು ಜನರನ್ನು ಸಾಲಾಗಿ ನಿಲ್ಲಿಸಿದಾಗ ಆ ಮನುಷ್ಯನನ್ನು ಗುರುತಿಸಲೇಬೇಕು, ಇಲ್ಲವಾದರೆ ಡಿಸೆಂಬರಿನಲ್ಲಿ ನಾನು ಮನೆಗೆ ಬರುವುದಿಲ್ಲ ಎಂದು. ಅಮ್ಮನ ಕೈ ನೆನೆದು ಬರೆದಿದ್ದೀ, ನ್ಯಾಯವೇ. ಆದರೆ ಮಗಳೇ, ಈ ದೇಶದ ಕಾನೂನಿನಲ್ಲಿ ಆಯುಧ ಹಿಡಿದು, ಮೈಮೇಲೆ ಕೈಮಾಡಿ ದೋಚಿದವನಿಗೆ ಶಿಕ್ಷೆ ಒಂದೇ, ನೇಣು. ಈಗೀಗ ಯಾರನ್ನೂ ನಿಜವಾಗಿ ನೇಣಿಗೆ ಹಾಕುವುದಿಲ್ಲವಂತೆ, ತೀರ್ಪಿನಲ್ಲಿ ಮಾತ್ರ ಅದನ್ನೇ ಬರೆಯುತ್ತಾರಂತೆ. ನಾಳೆ ಬೆಳಿಗ್ಗೆ ನಾನೊಮ್ಮೆ, ಅಮ್ಮ ಒಮ್ಮೆ, ಬೇರೆ ಬೇರೆಯಾಗಿ ಆ ಸಾಲಿನ ಮುಂದೆ ನಡೆಯಬೇಕು. ಗುರುತು ಸಿಕ್ಕಿದರೆ ಅವನ ಭುಜ ಮುಟ್ಟಬೇಕು. ಒಂದು ಮುಟ್ಟಿನಷ್ಟೇ ಕೆಲಸ. ಆ ಕೆಲಸ ಮಾಡಬೇಕೋ ಬೇಡವೋ ಎಂದು ಹೇಳುವ ಮೊದಲು ನಡೆದದ್ದನ್ನು ನನ್ನ ಬಾಯಿಂದಲೇ ಕೇಳು. ಲೊರೆಟ್ಟಾ ಆಂಟಿ ಹೇಳಿದ್ದು ನಿಜವೇ, ಆದರೆ ಅವರು ಕಾರಿನಲ್ಲಿರಲಿಲ್ಲ.

ಮೊದಲು ನಿನ್ನ ಸಿಡಿಯ ಮಾತು. ಕೆರಿಬಿಯನ್ನಿನ ಯಾವುದೋ ಪುಟ್ಟ ದ್ವೀಪದಲ್ಲಿ ಹುಟ್ಟಿ ಬರ್ಮಿಂಗ್‌ಹ್ಯಾಮಿನಲ್ಲಿ ಬೆಳೆದ ಆ ಎಲ್ರಿಕ್ ಪ್ಯಾಸ್ಕಲ್‌ನನ್ನು ನೀನು ಊರಿಗೆ ಹೊರಡುವ ದಿನ ನಮ್ಮ ಕಾರಿನ ಪ್ಲೇಯರಿಗೆ ತುರುಕಿದೆ. ಸಿಡಿ ಒಳಗೇ ಸಿಕ್ಕಿಕೊಂಡಿತು. ಅಂದಿನಿಂದ ಕೀ ತಿರುಗಿಸಿದರೆ ಸಾಕು, ರೆಗ್ಗೆ. ಹಾಲಿಗೆ ಹೋದರೂ ರೆಗ್ಗೆ, ದೇವಸ್ಥಾನಕ್ಕೆ ಹೋದರೂ ರೆಗ್ಗೆ, ನಮ್ಮ ಗೆಳೆಯ ಮಂಜುನಾಥ್ ತೀರಿಕೊಂಡಾಗ ಸ್ಮಶಾನಕ್ಕೆ ಹೋದದ್ದೂ ಅದೇ ತಾಳದಲ್ಲಿ. ಹೀಗಾಗಿ ನಾನು ಆ ಆಲ್ಬಮ್ಮಿನ ಪಂಡಿತನಾದೆ. ಮೊದಲಿನ ಹಾಡು ಹೋಳಿಗೆ. ಎರಡನೆಯದೂ ಪರವಾಗಿಲ್ಲ. ಮೂರನೆಯದರಲ್ಲಿ ತುತ್ತೂರಿಗಳು ಮದುವೆಮನೆಯ ಹುಡುಗರ ಹಾಗೆ ನುಗ್ಗುತ್ತವೆ. ಐದರಿಂದ ಎಂಟರವರೆಗೆ ಬರೀ ಗಂಜಿ, ಕೀಬೋರ್ಡಿನ ಮೇಲೆ ಬೆಕ್ಕು ಮಲಗಿದಂತೆ. ಕೊನೆಯ ಎರಡು ಮತ್ತೆ ಎದ್ದು ಕೂರುತ್ತವೆ. ಅಳಬೇಕಾದ ಜಾಗದಲ್ಲೂ ಆ ಮನುಷ್ಯ ನಗುತ್ತಾನೆ, ಅವನಿಗೆ ದುಃಖಪಡಲು ಬರುವುದೇ ಇಲ್ಲ. ಪ್ರಾಸದ ಹುಚ್ಚು ನನ್ನಷ್ಟೇ ಇದೆ, ಆದರೆ ಸೋಮಾರಿ: ಪದಕ್ಕೆ ಅದೇ ಪದವನ್ನು ಪ್ರಾಸ ಹಾಕಿ ಮುಂದೆ ಹೋಗುತ್ತಾನೆ. ನೀನು ಚಿಕ್ಕವಳಿದ್ದಾಗ ಇಲ್ಲಿನ ಬಾಡಿಗೆ ವ್ಯಾನುಗಳ ಮೇಲೆ ನಾನು ಕಟ್ಟಿದ 'ಮಟಾಟು ಬಂತು ಮಾರುದ್ದ, ಹಾಡಿನ ಸದ್ದು ಊರುದ್ದ' ಇದಕ್ಕಿಂತ ಎಷ್ಟೋ ವಾಸಿ. ಇನ್ನು ನಾಲ್ಕನೆಯದು. ಊರು ಬಿಟ್ಟ ಮಗ ತಾಯಿಗೆ, ಬರುತ್ತೇನೆ, ಬಾಗಿಲು ಹಾಕಬೇಡ ಎನ್ನುವ ಹಾಡು. ಅದು ಮುಗಿಯುವುದಿಲ್ಲ. ಸದ್ದೆಲ್ಲ ಇಳಿದು, ಸದ್ಯ ಮುಗಿಯಿತು ಎಂದು ನಾವು ಉಸಿರು ಬಿಟ್ಟ ಕೂಡಲೇ ಡೋಲು ಮತ್ತೆ ಶುರು. ಹಾಗೆ ಎರಡು ಸಲ. ಅದನ್ನು ಕೇಳಿದಾಗಲೆಲ್ಲ ನಾನು ಬೈಯುತ್ತಿದ್ದೆ, ನಿನ್ನ ಅಮ್ಮ 'ಹೋಗ್ಲಿ ಬಿಡ್ರೀ, ಪಾಪ, ಅವನಿಗೆ ಅಮ್ಮನ್ನ ಬಿಟ್ಟು ಫೋನಿಡೋಕೆ ಮನಸ್ಸಿಲ್ಲ' ಎನ್ನುತ್ತಿದ್ದಳು. ನೀನು ವಾರಕ್ಕೊಮ್ಮೆ ಫೋನ್ ಇಡುವ ಚಂದವನ್ನು ನೆನೆದು ಹೇಳುತ್ತಿದ್ದಳೋ ಏನೋ.

ಹೋದ ವಾರದ ಶನಿವಾರ ವೆಸ್ಟ್‌ಲ್ಯಾಂಡ್ಸಿನ ದ್ವಾರಕಾನಾಥರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟ ಮುಗಿಸಿ ಮಧ್ಯಾಹ್ನ ಹೊರಟೆವು. ಅವರ ಮನೆಯ ಸಪಾದ ನಿನಗೆ ಗೊತ್ತಲ್ಲ, ರವೆಗಿಂತ ತುಪ್ಪ ಹೆಚ್ಚು. ಒಂದು ಪೊಟ್ಟಣ ಕಟ್ಟಿಕೊಟ್ಟಿದ್ದರು. ದಾರಿಯಲ್ಲಿ ಗಾಡಿಗಳು ಗಟ್ಟಿಯಾಗಿ ನಿಂತುಬಿಟ್ಟವು. ನನ್ನ ಅಭ್ಯಾಸದಂತೆ ಎಂಜಿನ್ ಆಫ್ ಮಾಡಿದೆ, ರೆಗ್ಗೆಯೂ ನಿಂತಿತು. ನಿನ್ನ ಅಮ್ಮ ಪೊಟ್ಟಣ ಬಿಚ್ಚಿ ನನ್ನ ಬಲಗೈಗೆ ಒಂದು ಮುದ್ದೆ ಸಪಾದ ಹಾಕಿದಳು. ಕಿಟಕಿ ಇಳಿಸಿದ್ದೆ. ಅದನ್ನು ಬಾಯಿಗೆ ಇಡುವ ಮೊದಲೇ ಕಿವಿಯ ಪಕ್ಕ ಏನೋ ತಣ್ಣಗೆ ತಾಗಿತು.

ಇಬ್ಬರು. ನನ್ನ ಕಡೆ ಪಿಸ್ತೂಲಿನವನು, ನೀಲಿ ಸ್ವೆಟರು, ಇಪ್ಪತ್ತೈದರ ವಯಸ್ಸು. ಅಮ್ಮನ ಕಡೆ ಪಂಗಾ ಹಿಡಿದವನು. ಪಂಗಾ ನಿನಗೆ ಗೊತ್ತು, ನಮ್ಮ ತೋಟದವನು ಹುಲ್ಲು ಸವರುವ ಉದ್ದ ಕತ್ತಿ. ಪಿಸ್ತೂಲಿನವನು ಸಮಾಧಾನವಾಗಿಯೇ ಕೀ ಕೇಳಿದ. ಬಲಗೈಯಲ್ಲಿ ಪ್ರಸಾದ. ಎಡಗೈ ಚಾಚಿ ಕೀ ಕಿತ್ತೆ, ಕಿಟಕಿಯವರೆಗೂ ಒಯ್ದೆ. ಅಲ್ಲಿ ಕೈ ನಿಂತಿತು. ಎಡಗೈಯಲ್ಲಿ ಯಾರಿಗಾದರೂ ಏನಾದರೂ ಕೊಟ್ಟರೆ ನಿನ್ನ ಅಜ್ಜಿ ಗೆಣ್ಣಿಗೆ ಸೌಟಿನಿಂದ ಬಾರಿಸುತ್ತಿದ್ದಳು. ನಲವತ್ತು ದಾಟಿದ ಗೆಣ್ಣು ಅದನ್ನು ಮರೆತಿರಲಿಲ್ಲ. ನನಗೇ ಗೊತ್ತಿಲ್ಲದಂತೆ ಕೀಯನ್ನು ಹಿಂದಕ್ಕೆ ಎಳೆದುಕೊಂಡೆ, ಸಪಾದವನ್ನು ಅಮ್ಮನ ಕೈಗೆ ದಾಟಿಸಿ ಬಲಗೈ ಖಾಲಿ ಮಾಡಿಕೊಳ್ಳೋಣ ಎಂದು ತಿರುಗಿದೆ. ಕಳ್ಳನಿಗೆ ಮರ್ಯಾದೆಯಾಗಿ ಬಲಗೈಯಲ್ಲಿ ಕೊಡಲು ಹೊರಟವನು ಈ ಊರಿನಲ್ಲಿ ನಾನೊಬ್ಬನೇ ಇರಬೇಕು. ಅವನಿಗೆ ಕಂಡದ್ದು ಇಷ್ಟು: ಕೀ ಹಿಂದೆ ಹೋಯಿತು, ಮುದುಕ ಬಗ್ಗಿದ. ಪಿಸ್ತೂಲಿನ ಹಿಡಿ ನನ್ನ ದವಡೆಯ ಮೇಲೆ ಬಿತ್ತು. ಎರಡನೆಯ ಏಟಿಗೆ ಹಲ್ಲುಗಳು ನಾಲಿಗೆಯ ಮೇಲೆ ಉದುರಿದವು, ಎರಡು, ಇನ್ನೂ ಬಿಸಿಯಾಗಿ. ಅಮ್ಮ ನನ್ನ ಮುಖ ಹಿಡಿಯಲು ಬಲಗೈ ಚಾಚಿದಳು. ಆ ಕಡೆಯವನು ಬಾಗಿಲು ತೆಗೆದು ಆ ತೋಳಿನ ಮೇಲೆ ಪಂಗಾ ಇಳಿಸಿದ. ಕಬ್ಬಿನ ಜಲ್ಲೆಗೆ ಹೊಡೆದಷ್ಟೇ ಸದ್ದು. ಅವಳು ಕಿರುಚಲಿಲ್ಲ, 'ಅಯ್ಯೋ, ಸೀರೆ' ಎಂದಳು. ರಕ್ತ ನೋಡಿ ಹಾಗೆಂದಳೋ, ಬೇರೇನೂ ತೋಚಲಿಲ್ಲವೋ, ನಾನು ಕೇಳಿಲ್ಲ. ಸುತ್ತ ನಿಂತಿದ್ದ ಗಾಡಿಗಳ ಗಾಜುಗಳು ಒಂದೊಂದಾಗಿ ಮೇಲೇರಿದವು. ಅವರನ್ನೂ ಬೈಯಲಾರೆ. ನಾನೂ ಎಷ್ಟೋ ಸಲ ಏರಿಸಿದ್ದೇನೆ.

ನಮ್ಮನ್ನು ಹಿಂದಿನ ಸೀಟಿಗೆ ದಬ್ಬಿದರು. ಪಂಗಾದವನು ನಮ್ಮ ಜೊತೆ ಕೂತ, ಕತ್ತಿ ತೊಡೆಯ ಮೇಲೆ, ಅದರ ಅಲಗಿನಿಂದ ಅಮ್ಮನ ರಕ್ತ ಅವನ ಪ್ಯಾಂಟಿಗೆ ತೊಟ್ಟಿಕ್ಕುತ್ತಿತ್ತು. ನೀಲಿ ಸ್ವೆಟರಿನವನು ಕೀ ತಿರುಗಿಸಿದ. ಎಲ್ರಿಕ್ ಪ್ಯಾಸ್ಕಲ್ ಬಾಯಿ ಬಿಟ್ಟ. ಮೊದಲಿನ ಹಾಡು, ಬಿಸಿಲು ಬಂತು ಕುಣಿಯೋಣ ಎನ್ನುವುದು. ಗಾಡಿಗಳ ಸಾಲು ಸಡಿಲವಾಗಿ ಕಾರು ಹೊರಟಿತು. ಅಮ್ಮನ ತೋಳನ್ನು ನಾನು ಎಡಗೈಯಲ್ಲಿ ಸೆರಗಿನಿಂದ ಬಿಗಿದು ಹಿಡಿದಿದ್ದೆ, ಸೆರಗು ಬೆಚ್ಚಗೆ ಭಾರವಾಗುತ್ತಿತ್ತು. ಮುಂದೆ ಕೂತವನು ಸ್ಟೀರಿಂಗಿನ ಮೇಲೆ ತಾಳ ಹಾಕುತ್ತಿದ್ದ. ಅವನಿಗೆ ಎಲ್ಲ ಹಾಡುಗಳೂ ಬಾಯಿಪಾಠ. ಕನ್ನಡಿಯಲ್ಲಿ ನನ್ನನ್ನು ನೋಡಿ, ಈ ಸಿಡಿ ಯಾರದು ಮ್ಜೇ ಎಂದು ಕೇಳಿದ. ಹಿರಿಯರನ್ನು ಕರೆಯುವ ಮಾತು ನೋಡು, ಹಲ್ಲು ಉದುರಿಸಿದ ಮೇಲೂ ಮರ್ಯಾದೆ ಬಿಟ್ಟಿರಲಿಲ್ಲ. ಮಗಳದು ಎಂದೆ, ಎಂದರೆ ರಕ್ತ ಉಗುಳಿದೆ. ಒಳ್ಳೆಯ ಕಿವಿ, ಆದರೆ ಐದರಿಂದ ಎಂಟು ದಂಡ, ಅವಳಿಗೆ ನನ್ನ ಸಲಾಮ್ ಹೇಳಿ ಎಂದ. ಹೇಳಿದ್ದೇನೆ. ನನ್ನ ವಿಮರ್ಶೆಯೂ ಅದೇ ಆಗಿತ್ತೆಂಬುದು ನನಗೆ ಇನ್ನೂ ಮುಜುಗರ.

ದಾರಿಯುದ್ದಕ್ಕೂ ಪಂಗಾದವನು ನಮ್ಮನ್ನು ಬಿಡಿಸುತ್ತ ಬಂದ, ಬಾಳೆಹಣ್ಣಿನ ಸಿಪ್ಪೆಯಂತೆ. ಫೋನು, ಗಡಿಯಾರ, ಬಳೆ. ತಾಳಿಯನ್ನು ಕಿತ್ತಾಗ ಸರ ಕತ್ತಿನಲ್ಲಿ ಕೆಂಪು ಗೆರೆ ಎಳೆದು ಹೋಯಿತು, ಅದಿನ್ನೂ ಇದೆ. ಮುಥೈಗಾದ ದೊಡ್ಡ ಮನೆಗಳ ಹಿಂದೆ, ಕಾಡಿನ ಅಂಚಿನ ಖಾಲಿ ರಸ್ತೆಯಲ್ಲಿ ಕಾರು ನಿಲ್ಲಿಸಿದರು. ಇಳಿಯಿರಿ ಎಂದ ಮುಂದಿನವನು. ಆಗ ಹಿಂದಿನವನ ಕಣ್ಣಿಗೆ ಅಮ್ಮನ ಎಡಗೈಯ ಉಂಗುರ ಬಿತ್ತು, ನಿನ್ನ ಅಜ್ಜಿಯ ಕೆಂಪು ಹರಳಿನದು. ಅದು ಬೆರಳಿನಿಂದ ಹೊರಬಂದು ವರ್ಷಗಳೇ ಆದವು. ಎಳೆದ, ತಿರುಚಿದ, ಉಗುಳಿ ಎಳೆದ. ಬರಲಿಲ್ಲ. ಅವಳ ಕೈಯನ್ನು ಬಾಗಿಲಿನ ಅಂಚಿನ ಮೇಲೆ ಚಪ್ಪಟೆಯಾಗಿ ಒತ್ತಿ ಹಿಡಿದು ಪಂಗಾ ಎತ್ತಿದ.

ನಾನು ಎಡಗೈಯಿಂದಲೇ ಅವನ ಮಣಿಕಟ್ಟಿಗೆ ಜೋತುಬಿದ್ದೆ. ಮೊಣಕೈಯಿಂದ ನನ್ನ ಒಡೆದ ದವಡೆಗೇ ತಿವಿದ. ಕಣ್ಣು ಕತ್ತಲಿಟ್ಟಿತು. ಆಗ ಮುಂದಿನ ಸೀಟಿನಿಂದ ಒಂದು ಮಾತು ಬಂತು: 'ತಡಿ. ಹಾಡು ಮುಗೀಲಿ.' ನನ್ನ ಕಡೆ ತಿರುಗಿ, ಈ ಹಾಡು ಮುಗಿಯುವ ತನಕ ಟೈಮ್, ಮ್ಜೇ, ನೀವೇ ತೆಗೆಯಿರಿ, ಇಲ್ಲದಿದ್ದರೆ ಅವನು ತೆಗೆಯುತ್ತಾನೆ ಎಂದ. ದಯೆಯೋ, ಹಾಡಿನ ಮಧ್ಯೆ ಗಲಾಟೆ ಬೇಡವಾಗಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ.

ನಡೆಯುತ್ತಿದ್ದದ್ದು ನಾಲ್ಕನೆಯ ಹಾಡು.

ನನ್ನ ಬಲಗೈ ಆವರೆಗೂ ಮುಷ್ಟಿ ಬಿಚ್ಚಿರಲಿಲ್ಲ. ಅದರೊಳಗೆ ಸಪಾದ ಇತ್ತು, ಹಿಸುಕಿ ಹಿಸುಕಿ ತುಪ್ಪವೇ ಆಗಿತ್ತು. ಅದನ್ನೇ ಅವಳ ಬೆರಳಿಗೆ ಬಳಿದೆ. ದೇವರ ಪ್ರಸಾದ, ರಕ್ತ, ರವೆ, ಸಕ್ಕರೆ ಎಲ್ಲ ಸೇರಿಸಿ ತಿಕ್ಕಿದೆ. ಉಂಗುರ ಗೆಣ್ಣಿನವರೆಗೆ ಬಂದು ನಿಂತಿತು. ಹಾಡು ಇಳಿಯತೊಡಗಿತು. ತುತ್ತೂರಿ ನಿಂತಿತು, ಗಿಟಾರ್ ನಿಂತಿತು, ಕೊನೆಗೆ ಡೋಲೂ ನಿಂತಿತು. ಪಂಗಾದವನು ಮತ್ತೆ ಕೈ ಎತ್ತಿದ. ಮುಂದಿನವನು ನಕ್ಕ, ಬೆರಳು ಮೇಲೆ ಮಾಡಿ ಕೇಳು ಎಂದು ಸನ್ನೆ ಮಾಡಿದ. ಡೋಲು ಮತ್ತೆ ಶುರುವಾಯಿತು. ಒಂದು ವರ್ಷ ನಾನು ಬೈದ ಆ ಡೋಲು, ಮಗಳೇ. ಗೆಣ್ಣಿನ ಚರ್ಮ ಸುಲಿದು ಬಂದರೂ ಅಮ್ಮ ಹಲ್ಲು ಕಚ್ಚಿ, 'ತಿರುಗ್ಸಿ, ಎಳೀಬೇಡಿ, ತಿರುಗ್ಸಿ' ಎನ್ನುತ್ತಿದ್ದಳು. ತಿರುಗಿಸಿದೆ. ಹಾಡು ಎರಡನೆಯ ಸಲ ಸತ್ತು ಎರಡನೆಯ ಸಲ ಎದ್ದ ಮೇಲೆ ಉಂಗುರ ನನ್ನ ಅಂಗೈಗೆ ಜಾರಿತು. ಬಲಗೈಯಲ್ಲೇ ಕೊಟ್ಟೆ. ನಮ್ಮನ್ನು ಒದ್ದು ಇಳಿಸಿ ಹೋದರು, ಹಾಡು ಇನ್ನೂ ಮುಗಿದಿರಲಿಲ್ಲ.

ಒಂದು ಗೇಟಿನ ಕಾವಲುಗಾರ ಓಡಿಬಂದು ತನ್ನ ಮಫ್ಲರಿನಿಂದ ಅಮ್ಮನ ತೋಳು ಕಟ್ಟಿದ, ಒಳಗಿನ ಫೋನಿನಿಂದ ಬರ್ನಾರ್ಡ್ ಅಂಕಲ್‌ರನ್ನು ಕರೆದ. ಅವರ ಪಿಕಪ್ಪಿನಲ್ಲಿ ಪಾರ್ಕ್‌ಲ್ಯಾಂಡ್ಸಿನ ಆಸ್ಪತ್ರೆಗೆ ಹೊರಟೆವು. ವೃತ್ತದ ಹತ್ತಿರ ಮತ್ತೆ ಗಾಡಿಗಳ ಗೋಡೆ. ಆಗ ನನಗೆ ಮೊದಲು ಕೇಳಿಸಿದ್ದು ಹಾಡು. ಬಿಸಿಲು ಬಂತು ಕುಣಿಯೋಣ. ಆಮೇಲೆ ಕಂಡದ್ದು ನಮ್ಮ ಬಿಳಿ ಕಾರು, ಮೂತಿ ಒಂದು ಮಟಾಟುವಿನ ಹಿಂಭಾಗದೊಳಗೆ, ನಾಲ್ಕೂ ಬಾಗಿಲು ಹಾರುಹೊಡೆದು, ಪ್ಲೇಯರ್ ಹಾಡುತ್ತಲೇ ಇತ್ತು. ಅದರಾಚೆ ಜನರ ಸುತ್ತು. ಮ್ವಿಜಿ, ಮ್ವಿಜಿ ಎನ್ನುತ್ತಿದ್ದರು, ಕಳ್ಳ, ಕಳ್ಳ. ಕೋಲುಗಳು ಏಳುತ್ತಿದ್ದವು, ಬೀಳುತ್ತಿದ್ದವು. ಎಲೆಕೋಸು ಮಾರುವ ಹೆಂಗಸೊಬ್ಬಳು ಎದ್ದು ಹೋಗಿ ಕಲ್ಲೊಂದನ್ನು ಎತ್ತಿಹಾಕಿ, ಕೈ ಒರೆಸಿಕೊಂಡು ಮತ್ತೆ ಬುಟ್ಟಿಯ ಮುಂದೆ ಕೂತಳು. ಯಾರೋ ಹಳೆಯ ಟಯರು ಉರುಳಿಸಿಕೊಂಡು ಬರುತ್ತಿದ್ದರು. ಕಾಲುಗಳ ಸಂದಿಯಲ್ಲಿ ಒಂದು ಪ್ಯಾಂಟು ಕಂಡಿತು, ತೊಡೆಯ ಮೇಲೆ ಅಮ್ಮನ ರಕ್ತದ ಕಲೆ ಇದ್ದದ್ದು. ಆ ಕಾಲು ಇನ್ನೂ ಆಡುತ್ತಿತ್ತು. ಹೇಳಬಾರದು, ಆದರೆ ಹೇಳುತ್ತೇನೆ: ಏಟುಗಳು ತಾಳಕ್ಕೆ ಸರಿಯಾಗಿ ಬೀಳುತ್ತಿದ್ದವು. ಹೊಡೆಯುವವರು ಬೇಕೆಂದು ಮಾಡಿದ್ದಲ್ಲ. ಆ ಹಾಡಿಗೆ ಯಾರ ಕೈಯಾದರೂ ಹಾಗೆಯೇ ಬೀಳುತ್ತದೆ. ಬರ್ನಾರ್ಡ್ 'ನೋಡ್ಬೇಡಿ ಮಾರಾಯ್ರೆ, ತಲೆ ತಗ್ಗಿಸಿ' ಎಂದು ಗಾಡಿಯನ್ನು ಫುಟ್‌ಪಾತಿನ ಮೇಲೆ ಹತ್ತಿಸಿದರು. ಅಮ್ಮ ಕಣ್ಣು ಮುಚ್ಚಿಕೊಂಡೇ ಒಂದು ಮಾತಾಡಿದಳು: 'ಯಾರಿಗಾದ್ರೂ ಹೇಳಿ ಆ ಹಾಡು ನಿಲ್ಸಿ.' ಹೊಡೆಯುವುದನ್ನು ನಿಲ್ಲಿಸಿ ಎನ್ನಲಿಲ್ಲ. ನಾನೂ ಎನ್ನಲಿಲ್ಲ. ಹಿಂದೆ ಪೆಟ್ರೋಲಿನ ವಾಸನೆ ಬಂತು, ಆಮೇಲೆ ಸುಡುವ ರಬ್ಬರಿನದು.

ನೀಲಿ ಸ್ವೆಟರಿನವನು ಅಲ್ಲಿಂದ ತಪ್ಪಿಸಿಕೊಂಡು ಓಡಿದ್ದನಂತೆ, ಎರಡು ದಿನದ ಮೇಲೆ ಸಿಕ್ಕಿಬಿದ್ದ. ನಾಳೆ ಸಾಲಿನಲ್ಲಿ ನಿಲ್ಲುವವನು ಅವನು.

ಅಮ್ಮನ ತೋಳಿಗೆ ಹೊಲಿಗೆ ಹಾಕಿದ್ದಾರೆ, ಬೆರಳುಗಳು ಆಡುತ್ತವೆ, ಹಿಡಿತ ಬರಲು ತಿಂಗಳುಗಳೇ ಬೇಕಂತೆ. ನೀನು ಕಲಿಯುತ್ತಿರುವ ಫಿಸಿಯೋಥೆರಪಿಗೆ ಮನೆಯಲ್ಲೇ ಗಿರಾಕಿ ಸಿಕ್ಕಂತಾಯಿತು. ಹಗಲಿಡೀ ಎಡಗೈಯ ಆ ಬೆರಳನ್ನು ಸೋಪು ಹಚ್ಚಿ ತೊಳೆಯುತ್ತಾಳೆ, ಒರೆಸುತ್ತಾಳೆ, ಮತ್ತೆ ತೊಳೆಯುತ್ತಾಳೆ. ನನಗೆ ಮಾತ್ರ ಹಲ್ಲು ಹೋದರೂ ಸೊಲ್ಲು ಹೋಗಿಲ್ಲ ಎಂದು ಲೊರೆಟ್ಟಾ ಆಂಟಿಗೆ ಪ್ರಾಸ ಒಪ್ಪಿಸಿದೆ, ಅವರು ನಗಲಿಲ್ಲ.

ಈಗ ನನ್ನ ತೀರ್ಮಾನ. ಅವನ ಮೇಲೆ ನನಗೆ ಸಿಟ್ಟಿಲ್ಲವೆಂದುಕೊಳ್ಳಬೇಡ. ಗಂಜಿ ನುಂಗುವಾಗಲೆಲ್ಲ ಅವನ ಹಲ್ಲು ಕೀಳಬೇಕೆನಿಸುತ್ತದೆ, ಒಂದೊಂದಾಗಿ, ಇಕ್ಕಳದಿಂದ. ಆದರೆ ಒಬ್ಬನನ್ನು ತಾಳ ಹಾಕಿ ಕೊಂದದ್ದನ್ನು ಕೇಳಿಸಿಕೊಂಡು ಬಂದಿದ್ದೇನೆ, ಇನ್ನೊಬ್ಬನನ್ನು ಬೆರಳು ತಾಗಿಸಿ ಕೊಲ್ಲಲಾರೆ. ನಿನ್ನ ಅಮ್ಮನ ಬೆರಳು ಇವತ್ತು ಅವಳ ಕೈಯಲ್ಲೇ ಇರುವುದು ಅವನು ಹಾಡು ಮುಗಿಯಲಿ ಎಂದದ್ದರಿಂದ. ನಾಳೆ ಸಾಲಿನ ಉದ್ದಕ್ಕೂ ನಡೆದು, ಇವರಲ್ಲಿ ಯಾರೂ ಅಲ್ಲ ಎಂದು ಹೇಳಿ ಬರುತ್ತೇನೆ. ಅಮ್ಮನನ್ನು ಕೇಳಿಲ್ಲ, ಕೇಳುವ ಅಗತ್ಯವೂ ಇಲ್ಲ. ಅವಳ ಮನಸ್ಸು ನನಗೆ ಗೊತ್ತು. ಕೋಪ ಮಾಡಿಕೋ, ಎರಡು ದಿನ ಫೋನ್ ಎತ್ತಬೇಡ, ಆದರೆ ಡಿಸೆಂಬರಿಗೆ ಬಾ. ನೀನು ಬರದ ಮನೆಯಲ್ಲಿ ಇಬ್ಬರೇ ಕೂತು ಕೇಳಲು ಈಗ ರೆಗ್ಗೆಯೂ ಇಲ್ಲ.

ನಿನ್ನ ಜೊತೆಯ ಹುಡುಗಿಯರಿಗೆಲ್ಲ ನಮ್ಮ ಹಾರೈಕೆ ತಿಳಿಸು. ಬಲಗಾಲಿಟ್ಟು ಪರೀಕ್ಷೆಗೆ ಹೋಗು, ಎಡವದೆ ಹಿಂದಿರುಗು. ನಿನಗೆ ಎಲ್ಲವೂ ಸುಸೂತ್ರವಾಗಲಿ.

ಇತಿ ನಿನ್ನ ಪ್ರೀತಿಯ ಅಪ್ಪ,
ಲಕ್ಷ್ಮೀಶ

ಮರೆತ ಮಾತು: ಸೋಮವಾರ ಮಧ್ಯಾಹ್ನ. ಲಕೋಟೆ ಅಂಟಿಸದೆ ಇಟ್ಟಿದ್ದು ಒಳ್ಳೆಯದಾಯಿತು, ಬರ್ನಾರ್ಡ್ ಅಂಚೆಗೆ ಹೊರಟು ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಹೋಗಿ ಬಂದೆವು. ಮೊದಲು ನಾನು ನಡೆದೆ. ಅವನು ನಡುವೆ ನಿಂತಿದ್ದ, ನನ್ನನ್ನು ನೋಡಿದ, ನಾನು ಅವನ ಪಕ್ಕದವನನ್ನು ನೋಡಿದೆ. ಇವರಲ್ಲಿ ಯಾರೂ ಅಲ್ಲ ಎಂದು ಸಹಿ ಹಾಕಿದೆ. ಆಮೇಲೆ ಅಮ್ಮ ಒಳಗೆ ಹೋದಳು. ಹೊರಗೆ ಬಂದು ಪಿಕಪ್ಪಿನಲ್ಲಿ ಕೂತ ಮೇಲೆ ಹೇಳಿದಳು: 'ಅವನೇ ಕೇಳ್ದ ರೀ, ಬೆರಳು ಹೇಗಿದೆ ಮಾಮಾ ಅಂತ, ಅಮ್ಮಾ ಅನ್ನೋ ಹಾಗೆ, ಮೆಲ್ಲಗೆ. ಚೆನ್ನಾಗಿದೆ ಅಂತ ತೋರಿಸ್ದೆ. ಆಮೇಲೆ ಅದೇ ಕೈನ ಅವನ ಭುಜದ ಮೇಲಿಟ್ಟೆ.' ಎಡಗೈಯಲ್ಲೇ, ಎಂದೆ. 'ಇನ್ನೊಂದನ್ನ ಅವರು ಬಿಟ್ಟಿದಾರಾ?' ಎಂದಳು. ಕೋರ್ಟಿನಲ್ಲಿ ಗಂಡ ಅಲ್ಲ ಎಂದದ್ದನ್ನೂ ಹೆಂಡತಿ ಹೌದು ಎಂದದ್ದನ್ನೂ ಒಟ್ಟಿಗೆ ಓದುತ್ತಾರಂತೆ. ಯಾವುದು ನಿಲ್ಲುತ್ತದೋ ನನಗೆ ಗೊತ್ತಿಲ್ಲ. ನಿನ್ನ ಇಷ್ಟದಂತೆಯೇ ಆಯಿತು, ಬಾ. ಅವಳೀಗ ಅಡುಗೆಮನೆಯಲ್ಲಿ ಎಡಗೈಯಲ್ಲೇ ಅನ್ನ ಬಸಿಯುತ್ತ ಆ ನಾಲ್ಕನೆಯ ಹಾಡನ್ನು ಗುನುಗುತ್ತಿದ್ದಾಳೆ. ಸದ್ದು ನಿಂತಿತು. ಮುಗಿಯಿತು ಎಂದುಕೊಂಡು ಪೆನ್ನಿನ ಮುಚ್ಚಳ ಹಾಕಿದೆ. ಮತ್ತೆ ಶುರು ಮಾಡಿದ್ದಾಳೆ.